ಕನ್ನಡಿಯಿಲ್ಲದ ಲೇಸರ್: ಬಣ್ಣದ ಹನಿಯೊಳಗೆ ಬೆಳಕು ಬೆಳೆಯುವ ಬಗೆ

2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಆಗ ಪತ್ರಿಕೆಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂತು: ರೋಡಮೈನ್-ಬಿ. ಅದು ಬಟ್ಟೆಗೆ ಹಾಕುವ ಬಣ್ಣ. ಹೊಟ್ಟೆಗೆ ಹೋಗಬಾರದ ವಸ್ತು. ಸರ್ಕಾರ ಮಾಡಿದ್ದು ಸರಿಯಾದ ಕೆಲಸ. ಆದರೆ ಅದೇ ರೋಡಮೈನ್ ಮನೆತನದ ಬಣ್ಣಗಳಿಗೆ ಇನ್ನೊಂದು ಬದುಕಿದೆ. 1960ರ ದಶಕದಿಂದ ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಅವುಗಳಿಂದ ಲೇಸರ್ ಬೆಳಕು ತೆಗೆಯುತ್ತಿದ್ದಾರೆ. ಈಚಿನ ದಶಕಗಳಲ್ಲಿ ಕನ್ನಡಿಯೇ ಇಲ್ಲದೆ, ಕೂದಲೆಳೆಯಷ್ಟು ದಪ್ಪದ ಒಂದು ಹನಿಯಿಂದ, ಅದರಲ್ಲಿ ಬಿಳಿ ಪುಡಿ ಬೆರೆಸಿಯೂ ಲೇಸರ್ ಬೆಳಕು ಹೊಮ್ಮಿಸಿದ್ದಾರೆ. ಈ ವಿಷಯದಲ್ಲಿ ಬೆಂಗಳೂರಿನ ವಿಜ್ಞಾನಿಗಳ ಪಾಲು ಸಣ್ಣದಲ್ಲ.

ಕರಜಗಿಯಂಥ ಊರಿನಲ್ಲಿ ಕೂತು ಇದನ್ನು ಓದುವವರಿಗೆ ಒಂದು ಪ್ರಶ್ನೆ ಏಳಬಹುದು. ಲೇಸರ್ ಎಂದರೆ ದೊಡ್ಡ ಯಂತ್ರ, ದೊಡ್ಡ ಊರಿನ ಮಾತು, ನಮಗೇನು ಸಂಬಂಧ? ಈ ಹನಿಯೊಳಗಿನ ವಿಜ್ಞಾನಕ್ಕೆ ಬೇಕಾದ ಮುಖ್ಯ ಸಂಗತಿಗಳು ನಿಮ್ಮ ಕಣ್ಣೆದುರಿಗೇ ಇವೆ. ಮಳೆಗಾಲದಲ್ಲಿ ಭೀಮಾ ನದಿಯ ನೀರು ಕದಡಿ ತಳ ಕಾಣದಂತಾಗುವುದನ್ನು ನೋಡಿದ್ದೀರಿ. ಹಾಲು ಬೆಳ್ಳಗಿರುವುದನ್ನು ದಿನವೂ ನೋಡುತ್ತೀರಿ. ವಿಜಯಪುರದ ಗೋಲ ಗುಮ್ಮಟದಲ್ಲಿ ಪಿಸುಮಾತು ಗೋಡೆ ಹಿಡಿದು ಓಡುವುದನ್ನು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಈ ಮೂರನ್ನು ಇಟ್ಟುಕೊಂಡೇ ಎಲ್ಲವನ್ನೂ ಹೇಳಬಹುದು.

ಮೊದಲು, ಮಾಮೂಲಿ ಲೇಸರ್ ಏನು ಎಂದು ನೋಡೋಣ. ಅದಕ್ಕೆ ಮೂರು ವಸ್ತು ಬೇಕು. ಒಂದು, ಬೆಳಕನ್ನು ಹೆಚ್ಚಿಸಬಲ್ಲ ಪದಾರ್ಥ. ಎರಡು, ಆ ಪದಾರ್ಥಕ್ಕೆ ಶಕ್ತಿ ತುಂಬುವ ಏರ್ಪಾಡು. ಇದನ್ನು ಪಂಪ್ ಎನ್ನುತ್ತಾರೆ. ಮೂರು, ಎದುರುಬದುರು ನಿಲ್ಲಿಸಿದ ಎರಡು ಕನ್ನಡಿ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಡಿದ ಮೊದಲ ಲೇಸರಿನಲ್ಲೂ ಇವೇ ಮೂರು ಇದ್ದವು. ಪದಾರ್ಥ ಮಾಣಿಕ್ಯದ ಕಡ್ಡಿ, ಪಂಪ್ ಒಂದು ಮಿಂಚುದೀಪ, ಕನ್ನಡಿಯ ಕೆಲಸಕ್ಕೆ ಕಡ್ಡಿಯ ಎರಡು ತುದಿಗೆ ಬೆಳ್ಳಿಯ ಲೇಪ.

ಪದಾರ್ಥ ಬೆಳಕನ್ನು ಹೆಚ್ಚಿಸುವುದು ಹೇಗೆ? ರೋಡಮೈನ್ 6ಜಿ ಎಂಬ ಬಣ್ಣವನ್ನೇ ತೆಗೆದುಕೊಳ್ಳಿ. ಅದರ ಅಣುವಿನ ಮೇಲೆ ಹಸಿರು ಬೆಳಕು ಬಿದ್ದರೆ ಅಣು ಅದನ್ನು ನುಂಗುತ್ತದೆ. ಕೆಲವು ನ್ಯಾನೊಸೆಕೆಂಡು, ಅಂದರೆ ಸೆಕೆಂಡಿನ ಶತಕೋಟಿ ಭಾಗದಲ್ಲಿ ಕೆಲವು ಭಾಗ, ಆ ಶಕ್ತಿಯನ್ನು ಇಟ್ಟುಕೊಂಡಿರುತ್ತದೆ. ಆಮೇಲೆ ಅದನ್ನು ಹಳದಿ-ಕಿತ್ತಳೆ ಬೆಳಕಾಗಿ ಹೊರಗೆ ಬಿಡುತ್ತದೆ. ಇದು ಪ್ರತಿದೀಪ್ತಿ. ಮಕ್ಕಳ ಹೈಲೈಟರ್ ಪೆನ್ನಿನ ಶಾಯಿ ಮಿನುಗುವುದು ಇದರಿಂದಲೇ. ಆದರೆ ಅಣು ಶಕ್ತಿ ಇಟ್ಟುಕೊಂಡಿರುವ ಆ ಚೂರು ಹೊತ್ತಿನಲ್ಲಿ ಅದೇ ಬಣ್ಣದ ಇನ್ನೊಂದು ಬೆಳಕಿನ ಕಣ ಪಕ್ಕದಲ್ಲಿ ಹಾದುಹೋದರೆ ಬೇರೆಯೇ ಆಗುತ್ತದೆ. ಹಾದುಹೋದ ಕಣದ ತದ್ರೂಪಿಯನ್ನು ಅಣು ಹೊರಗೆ ಬಿಡುತ್ತದೆ. ಅದೇ ದಿಕ್ಕು, ಅದೇ ಬಣ್ಣ, ಅದೇ ಹೆಜ್ಜೆ. ಒಂದು ಕಣ ಎರಡಾಯಿತು. ಎರಡು ನಾಲ್ಕಾಗುತ್ತವೆ. ಇದು ಪ್ರಚೋದಿತ ಉತ್ಸರ್ಜನೆ. ಹೀಗಾಗಬಹುದೆಂದು ಐನ್‌ಸ್ಟೈನ್ 1917ರಲ್ಲೇ ಲೆಕ್ಕ ಹಾಕಿ ಹೇಳಿದ್ದರು.

ಹಾಗಾದರೆ ಕನ್ನಡಿ ಯಾಕೆ ಬೇಕು? ಬೆಳಕು ಬಹಳ ಬೇಗ ಓಡುತ್ತದೆ. ಒಂದು ಸೆಂಟಿಮೀಟರ್ ದ್ರವವನ್ನು ದಾಟಿ ಹೊರಗೆ ಹೋಗಲು ಅದಕ್ಕೆ ನ್ಯಾನೊಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಸಾಕು. ಅಷ್ಟರಲ್ಲಿ ಹೆಚ್ಚುವುದು ಅಷ್ಟಕ್ಕಷ್ಟೆ. ಕನ್ನಡಿ ಅದನ್ನು ಮತ್ತೆ ಮತ್ತೆ ಒಳಕ್ಕೆ ಕಳಿಸಿದರೆ ದಾರಿ ಉದ್ದವಾಗುತ್ತದೆ, ಬೆಳಕು ಬೆಳೆಯುತ್ತದೆ. ಕನ್ನಡಿಯ ಕೆಲಸ ಅಷ್ಟೇ: ಬೆಳಕನ್ನು ಒಳಗೆ ಉಳಿಸಿಕೊಳ್ಳುವುದು.

ಬೆಳಕನ್ನು ಒಳಗೆ ಉಳಿಸಿಕೊಳ್ಳಲು ಕನ್ನಡಿಯೊಂದೇ ದಾರಿಯಲ್ಲ. ದತ್ತ ಜಯಂತಿಯ ದಿನ ಗಾಣಗಾಪುರದ ಗುಡಿಯ ಬೀದಿಯಲ್ಲಿ ಸಿಕ್ಕಿಕೊಂಡವರನ್ನು ನೆನೆಯಿರಿ. ಬೀದಿ ಉದ್ದವೇನಲ್ಲ. ಆದರೆ ಹೆಜ್ಜೆಗೊಬ್ಬರು ಅಡ್ಡ ಬರುತ್ತಾರೆ, ಅತ್ತ ಸರಿದು ಇತ್ತ ಸರಿದು, ಹಿಂದೆ ಬಂದು ಮುಂದೆ ಹೋಗಿ, ಹೊರಬೀಳುವ ಹೊತ್ತಿಗೆ ಬೀದಿಯ ಹತ್ತಾರು ಪಟ್ಟು ನಡೆದಿರುತ್ತಾರೆ. ಹಾಲಿನೊಳಗೆ ಹೊಕ್ಕ ಬೆಳಕಿನ ಪಾಡೂ ಇದೇ. ಹಾಲಿನಲ್ಲಿ ಕೊಬ್ಬಿನ ಗೋಲಿಗಳೂ ಪ್ರೋಟೀನಿನ ಕಣಗಳೂ ಇವೆ. ಬೆಳಕು ಒಂದಕ್ಕೆ ತಾಗಿ ದಿಕ್ಕು ಬದಲಿಸುತ್ತದೆ, ಇನ್ನೊಂದಕ್ಕೆ ತಾಗಿ ಮತ್ತೆ ಬದಲಿಸುತ್ತದೆ. ಎಲ್ಲ ಬಣ್ಣದ ಬೆಳಕೂ ಹೀಗೆ ಸುತ್ತಾಡಿ ಹೊರಬರುವುದರಿಂದಲೇ ಹಾಲು ನಮಗೆ ಬೆಳ್ಳಗೆ ಕಾಣುತ್ತದೆ. ಕದಡಿದ ಭೀಮೆಯ ತಳ ಕಾಣದಿರುವುದೂ ಬೆಳಕು ಹೀಗೆ ಚದುರುವುದರಿಂದಲೇ. ಇದನ್ನು ಬಹು ಚದುರುವಿಕೆ ಎನ್ನುತ್ತಾರೆ. ಒಂದು ಚದುರುವಿಕೆಯಿಂದ ಮುಂದಿನ ಚದುರುವಿಕೆಗೆ ಬೆಳಕು ಸರಾಸರಿ ಎಷ್ಟು ದೂರ ಹೋಗುತ್ತದೋ ಅದಕ್ಕೆ ಸರಾಸರಿ ಮುಕ್ತ ದಾರಿ ಎಂದು ಹೆಸರು. ಈ ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಎರಡನ್ನೂ ಸೇರಿಸಿ. ರೋಡಮೈನ್ ಕರಗಿಸಿದ ದ್ರವ, ಅದರಲ್ಲಿ ಬೆಳಕು ಚದುರಿಸುವ ಸಣ್ಣ ಕಣಗಳು. ಪಂಪ್ ಬೆಳಕು ಕೊಟ್ಟರೆ ಅಣುಗಳಲ್ಲಿ ಶಕ್ತಿ ತುಂಬುತ್ತದೆ. ಹೊಮ್ಮಿದ ಕಿತ್ತಳೆ ಬೆಳಕು ಕಣಗಳ ನಡುವೆ ಅಲೆದಾಡುತ್ತದೆ. ಅಲೆದಷ್ಟೂ ಬೆಳೆಯುತ್ತದೆ. ಕನ್ನಡಿಯಿಲ್ಲದೆ ಲೇಸರ್ ಆಯಿತು. ಇದಕ್ಕೆ ರ‍್ಯಾಂಡಮ್ ಲೇಸರ್, ಅಂದರೆ ಅಡ್ಡಾದಿಡ್ಡಿ ದಾರಿಯ ಲೇಸರ್ ಎಂದು ಹೆಸರು. ಲೇಸರ್ ಮಾಡುವವರು ಚದುರುವಿಕೆಯನ್ನು ಶತ್ರುವೆಂದೇ ತಿಳಿದಿದ್ದರು. ಕನ್ನಡಿಯ ಮೇಲೆ ಧೂಳು ಕೂತರೆ, ದ್ರವದಲ್ಲಿ ಕಸ ಬಿದ್ದರೆ ಲೇಸರ್ ಕೆಡುತ್ತಿತ್ತು. ಆ ಶತ್ರುವಿನಿಂದಲೇ ಕೆಲಸ ಮಾಡಿಸಿಕೊಂಡದ್ದು ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ.

ಈ ವಿಚಾರವನ್ನು ಮೊದಲು ಕಾಗದದ ಮೇಲೆ ಲೆಕ್ಕ ಮಾಡಿದವರು ಸೋವಿಯತ್ ವಿಜ್ಞಾನಿ ವ್ಲಾದಿಲೆನ್ ಲೆತೊಖೋವ್, 1960ರ ದಶಕದ ಕೊನೆಯಲ್ಲಿ. ಅವರ ವಾದ ಸರಳ. ಬೆಳಕು ಹೆಚ್ಚುವುದು ವಸ್ತುವಿನ ಒಳಗೆಲ್ಲ, ಆದ್ದರಿಂದ ಗಳಿಕೆ ಗಾತ್ರಕ್ಕೆ ತಕ್ಕಷ್ಟು. ಬೆಳಕು ತಪ್ಪಿಸಿಕೊಳ್ಳುವುದು ಹೊರಮೈಯಿಂದ, ಆದ್ದರಿಂದ ನಷ್ಟ ಮೈಯ ವಿಸ್ತಾರಕ್ಕೆ ತಕ್ಕಷ್ಟು. ಒಂದು ಗೋಳದ ಅಗಲವನ್ನು ಎರಡು ಪಟ್ಟು ಮಾಡಿದರೆ ಗಾತ್ರ ಎಂಟು ಪಟ್ಟಾಗುತ್ತದೆ, ಹೊರಮೈ ನಾಲ್ಕೇ ಪಟ್ಟು. ಹಾಗಾಗಿ ಒಂದು ಅಳತೆ ದಾಟಿದ ಮೇಲೆ ಗಳಿಕೆ ನಷ್ಟವನ್ನು ಮೀರುತ್ತದೆ. ಆ ಹೊಸ್ತಿಲು ದಾಟಿದರೆ ಲೇಸರ್.

ಪ್ರಯೋಗದಲ್ಲಿ ಇದು ಎಲ್ಲರ ಗಮನಕ್ಕೆ ಬಂದದ್ದು 1994ರಲ್ಲಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ನಬೀಲ್ ಲವಾಂಡಿ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದರು. ಅವರು ಬಳಸಿದ್ದು ಮೆಥನಾಲಿನಲ್ಲಿ ಕರಗಿಸಿದ ರೋಡಮೈನ್ ಬಣ್ಣ ಮತ್ತು ಟೈಟಾನಿಯಂ ಡೈಆಕ್ಸೈಡ್ ಪುಡಿ. ಈ ಪುಡಿ ಗೋಡೆಯ ಬಿಳಿ ಪೇಂಟಿನಲ್ಲಿ ಇರುವ ವಸ್ತುವೇ. ಅದನ್ನು ಬೆರೆಸಿ ಹಸಿರು ಲೇಸರ್ ಮಿಡಿತ ಹಾಯಿಸಿದರು. ಮಿಡಿತದ ಶಕ್ತಿ ಕಡಿಮೆ ಇದ್ದಾಗ ಹತ್ತಾರು ನ್ಯಾನೊಮೀಟರ್ ಅಗಲಕ್ಕೆ ಹರಡಿದ ಮಾಮೂಲಿ ಪ್ರತಿದೀಪ್ತಿ ಬಂತು. ಶಕ್ತಿ ಏರಿಸುತ್ತ ಹೋದಾಗ ಒಂದು ಹಂತದಲ್ಲಿ ಆ ಬೆಳಕು ಇದ್ದಕ್ಕಿದ್ದಂತೆ ಕೆಲವೇ ನ್ಯಾನೊಮೀಟರ್ ಅಗಲದ ಗೆರೆಯಾಗಿ ಕುಗ್ಗಿ, ಪ್ರಖರವಾಯಿತು.

ಅದೇ 1994ರಲ್ಲಿ ಬೆಂಗಳೂರಿನಲ್ಲಿ ಏನಾಗುತ್ತಿತ್ತು? ಸದಾಶಿವನಗರದ ಬಳಿ ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಇದೆ. ಬೆಳಕು ಚದುರುವುದರ ಅಭ್ಯಾಸಕ್ಕೆ ಹೆಸರಾದವರ ಸಂಸ್ಥೆ ಅದು. 1994ರಲ್ಲಿ ಅದರ ನಿರ್ದೇಶಕರಾದ ಎನ್. ಕುಮಾರ್ ಅವರೂ ಪ್ರಭಾಕರ್ ಪ್ರಧಾನ್ ಅವರೂ ಬೆಳಕು ಹೆಚ್ಚಿಸುವ ಅಡ್ಡಾದಿಡ್ಡಿ ಮಾಧ್ಯಮದಲ್ಲಿ ಬೆಳಕು ಹೇಗೆ ವರ್ತಿಸುತ್ತದೆ ಎಂಬ ಸಿದ್ಧಾಂತವನ್ನು ಪ್ರಕಟಿಸಿದರು. ಜಗತ್ತಿನಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವವರು ಇಂದಿಗೂ ಎತ್ತಿ ಹೇಳುವ ಲೇಖನ ಅದು. ಮುಂದೆ 1997ರಲ್ಲಿ ಬಿ. ರಾಘವೇಂದ್ರ ಪ್ರಸಾದ್, ಹೇಮಾ ರಾಮಚಂದ್ರನ್, ಎ.ಕೆ. ಸೂದ್, ಸಿ.ಕೆ. ಸುಬ್ರಮಣಿಯನ್ ಮತ್ತು ಎನ್. ಕುಮಾರ್ ಸೇರಿ ಪ್ರಯೋಗದ ಫಲಿತಾಂಶ ಪ್ರಕಟಿಸಿದರು.

ಈ 1997ರ ಪ್ರಯೋಗದ ಮೇಲೆ ಸ್ವಲ್ಪ ನಿಲ್ಲಬೇಕು. ಅಲೆದಾಟ ಉದ್ದವಾಗಬೇಕಾದರೆ ಬೆಳಕು ಹಲವು ಸಲ ಚದುರಬೇಕು, ಹಾಗಾಗಿ ಪಾತ್ರೆ ಸರಾಸರಿ ಮುಕ್ತ ದಾರಿಗಿಂತ ಬಹಳ ದೊಡ್ಡದಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಬೆಂಗಳೂರಿನವರು ತೋರಿಸಿದ್ದು ಬೇರೆ. ಅವರ ಮಾದರಿಯ ಅಳತೆ ಸರಾಸರಿ ಮುಕ್ತ ದಾರಿಗಿಂತಲೂ ಚಿಕ್ಕದು. ಕಣಗಳು ಒಂದೊಂದಾಗಿ ಬಹಳ ದುರ್ಬಲವಾಗಿ ಚದುರಿಸುವಂಥವು, ಆದರೆ ದಟ್ಟವಾಗಿ ತುಂಬಿದ್ದವು. ಲೆಕ್ಕದ ಪ್ರಕಾರ ಬೆಳಕು ಹೊರಬೀಳುವ ಮೊದಲು ಸರಿಯಾಗಿ ಒಮ್ಮೆಯೂ ಚದುರಬೇಕಿಲ್ಲ. ಆದರೂ ಲೇಸರ್ ಬಂತು.

ಅದು ಹೇಗೆ ಸಾಧ್ಯ ಎಂದು ನೀವು ಕೇಳುವುದು ನ್ಯಾಯ. ಸರಾಸರಿ ಎಂಬುದು ಎಲ್ಲವನ್ನೂ ಹೇಳುವುದಿಲ್ಲ. ಬಹುಪಾಲು ಬೆಳಕಿನ ಕಣಗಳು ಬೇಗ ಹೊರಟುಹೋಗುತ್ತವೆ. ಎಲ್ಲೋ ಕೆಲವು ಮಾತ್ರ ಬಹಳ ಹೊತ್ತು ಒಳಗೆ ಉಳಿಯುತ್ತವೆ. ಮಾಮೂಲಿ ದ್ರವದಲ್ಲಿ ಆ ಕೆಲವಕ್ಕೆ ಬೆಲೆಯಿಲ್ಲ. ಆದರೆ ಹೆಚ್ಚಿಸುವ ದ್ರವದಲ್ಲಿ ಬೆಳಕು ದಾರಿ ಸಾಗಿದಂತೆ ಎರಡು, ನಾಲ್ಕು, ಎಂಟು ಎಂದು ಗುಣಿಸುತ್ತ ಬೆಳೆಯುತ್ತದೆ. ದಾರಿ ಹತ್ತು ಪಟ್ಟಾದರೆ ಬೆಳಕು ಹತ್ತು ಪಟ್ಟಲ್ಲ, ಸಾವಿರ ಪಟ್ಟಾಗಬಹುದು. ಆದ್ದರಿಂದ ಅಪರೂಪದ ಆ ಉದ್ದ ದಾರಿಗಳೇ ಕೊನೆಗೆ ಬರುವ ಬೆಳಕನ್ನು ನಿರ್ಧರಿಸಬಲ್ಲವು. 2006ರಲ್ಲಿ ಹೇಮಾ ರಾಮಚಂದ್ರನ್, ಎನ್. ಕುಮಾರ್ ಮತ್ತು ದಿವ್ಯಾ ಶರ್ಮ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದರು. ಬಣ್ಣ ತುಂಬಿದ ಎಳೆಯ ತುಂಡುಗಳನ್ನು ಬೆಳಕು ಚದುರಿಸುವ ಮಾಧ್ಯಮದಲ್ಲಿ ಅಡ್ಡಾದಿಡ್ಡಿ ಹುದುಗಿಸಿ, ಒಂದೊಂದು ಮಿಡಿತಕ್ಕೆ ಬಂದ ಬೆಳಕನ್ನು ಅಳೆದರು. ಹೆಚ್ಚಿನ ಮಿಡಿತಗಳಿಗೆ ಬಂದದ್ದು ಸಾಧಾರಣ ಬೆಳಕು. ನಡುವೆ ಎಲ್ಲೋ ಒಂದೊಂದು ಸಲ ಭಾರಿ ಹೊಳಪು. ಇಂಥ ಹಂಚಿಕೆಗೆ ಗಣಿತದಲ್ಲಿ ಲೆವಿ ಹಂಚಿಕೆ ಎನ್ನುತ್ತಾರೆ. ಪಾಲ್ ಲೆವಿ ಎಂಬ ಫ್ರೆಂಚ್ ಗಣಿತಜ್ಞರ ಹೆಸರು ಅದು.

ಇನ್ನು ಹನಿಗೆ ಬರೋಣ. ಹನಿ ಚಿಕ್ಕದು. ಲೆತೊಖೋವ್ ಲೆಕ್ಕದಂತೆ ಚಿಕ್ಕ ಗೋಳದಲ್ಲಿ ಹೊರಮೈಯ ಮೇಲುಗೈ, ನಷ್ಟವೇ ಹೆಚ್ಚು. ಹಾಗಿದ್ದರೂ ಹನಿ ಲೇಸರ್ ಕೊಡುತ್ತದೆ. ಯಾಕೆಂದರೆ ಹನಿಗೆ ತನ್ನದೇ ಒಂದು ಉಪಾಯವಿದೆ. ಅದನ್ನು ತಿಳಿಯಲು ಗೋಲ ಗುಮ್ಮಟಕ್ಕೆ ಹೋಗಬೇಕು.

ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಳಸುತ್ತಿನ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ. ಸದ್ದು ನಡುವಿನ ಗಾಳಿಯಲ್ಲಿ ನೇರ ದಾಟಿ ಬಂದದ್ದಲ್ಲ. ಗುಂಡಗಿನ ಗೋಡೆಗೆ ಒರಗಿ, ಮತ್ತೆ ಮತ್ತೆ ತಾಗಿ, ಸುತ್ತು ಬಳಸಿ ಬಂದದ್ದು. ರಾಮನ್ ಅವರು ಬೆಳಕಿನ ಕೆಲಸಕ್ಕೆ ಹೆಸರಾಗುವ ಮೊದಲು ಸದ್ದಿನ ಮೇಲೆ ಬಹಳ ಕೆಲಸ ಮಾಡಿದವರು. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಈ ಪಿಸುಮಾತಿನ ಓಟವನ್ನು ಸದರ್ಲೆಂಡ್ ಎಂಬವರ ಜೊತೆಗೂಡಿ ಪರೀಕ್ಷಿಸಿ ನೇಚರ್ ಪತ್ರಿಕೆಗೆ ಬರೆದರು.

ಹನಿಯ ಒಳಗೆ ಬೆಳಕೂ ಹೀಗೇ ಓಡುತ್ತದೆ. ದ್ರವದಿಂದ ಗಾಳಿಗೆ ಓರೆಯಾಗಿ ಬಂದ ಬೆಳಕು ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದು ಪೂರ್ಣ ಆಂತರಿಕ ಪ್ರತಿಫಲನ. ಪಿಯುಸಿ ಪುಸ್ತಕದಲ್ಲಿ ಓದಿರುತ್ತೀರಿ. ಹನಿಯ ಅಂಚನ್ನು ಹಿಡಿದು ಸುತ್ತುವ ಬೆಳಕು ಹೀಗೆ ಸಾವಿರಾರು ಸುತ್ತು ಹಾಕಬಲ್ಲದು. ಇಡೀ ಅಂಚೇ ಕನ್ನಡಿಯಾಯಿತು. ಮೇಲ್ಮೈ ಎಳೆತದಿಂದ ಹನಿ ತಾನಾಗಿಯೇ ನಯವಾದ ಗೋಳವಾಗುತ್ತದೆ. ಅಷ್ಟು ನುಣುಪಾದ ಗೋಳವನ್ನು ಗಾಜಿನಲ್ಲಿ ಉಜ್ಜಿ ಮಾಡಲು ಎಷ್ಟು ಶ್ರಮ ಬೇಕು ಯೋಚಿಸಿ. 1984ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಚಾಂಗ್ ಅವರ ತಂಡ ಬೀಳುತ್ತಿರುವ ಬಣ್ಣದ ಹನಿಗಳಿಂದ ಲೇಸರ್ ಬೆಳಕು ಪಡೆಯಿತು. ಅಂಥ ಹನಿಯ ಅಂಚು ಉಂಗುರದಂತೆ ಹೊಳೆಯುತ್ತದೆ.

ಅಂಚಿನ ಸುತ್ತಿಗೆ ಒಂದು ನಿಯಮವಿದೆ. ಒಂದು ಸುತ್ತು ಮುಗಿಸಿದ ಬೆಳಕಿನ ಅಲೆ ಹೊರಟ ಅಲೆಯೊಂದಿಗೆ ಹೆಜ್ಜೆ ಕೂಡಿಸಬೇಕು. ಹೆಜ್ಜೆ ಕೂಡುವ ಬಣ್ಣಗಳು ಮಾತ್ರ ಬೆಳೆಯುತ್ತವೆ. ಹಾಗಾಗಿ ರೋಹಿತದಲ್ಲಿ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ, ಸಮ ಅಂತರದ ಚೂಪು ಗೆರೆಗಳ ಸಾಲು ಕಾಣುತ್ತದೆ. 60 ಮೈಕ್ರೊಮೀಟರ್ ಅಗಲದ ಆಲ್ಕೊಹಾಲ್ ಹನಿಗೆ ಕಿತ್ತಳೆ ಬೆಳಕಿನಲ್ಲಿ ಈ ಅಂತರ ಸುಮಾರು 1.4 ನ್ಯಾನೊಮೀಟರ್. ಹನಿ ಚಿಕ್ಕದಾದಷ್ಟೂ ಅಂತರ ದೊಡ್ಡದು. ಗೆರೆಗಳ ಅಂತರ ಅಳೆದರೆ ಹನಿಯ ಗಾತ್ರ ತಿಳಿಯುತ್ತದೆ.

ಈಗ ಆ ಹನಿಯೊಳಗೆ ಬೆಳಕು ಚದುರಿಸುವ ಕಣಗಳನ್ನು ಹಾಕಿದರೆ? ಇಲ್ಲಿ ಎರಡು ದಾರಿಗಳ ನಡುವೆ ಪೈಪೋಟಿ. ಅಂಚು ಬೆಳಕನ್ನು ಸುತ್ತಿಸುತ್ತದೆ. ಕಣಗಳು ಆ ಸುತ್ತನ್ನು ಕೆಡಿಸುತ್ತವೆ. ಆದರೆ ಕಣಗಳು ಕೆಡಿಸುವುದಷ್ಟನ್ನೇ ಮಾಡುವುದಿಲ್ಲ. ಹನಿ ಒಂದು ಗುಂಡು ಮಸೂರದ ಹಾಗೆ ಪಂಪ್ ಬೆಳಕನ್ನು ತನ್ನ ಹಿಂಬದಿಯ ಒಂದು ಚುಕ್ಕೆಗೆ ಕೂಡಿಸುತ್ತದೆ. ಕಣಗಳಿದ್ದರೆ ಆ ಬೆಳಕು ಒಳಗೆಲ್ಲ ಹರಡಿ, ಹೆಚ್ಚು ಅಣುಗಳಿಗೆ ಶಕ್ತಿ ಸಿಗುತ್ತದೆ. ಇನ್ನೊಂದು, ಅಂಚಿನಲ್ಲಿ ಸೆರೆಯಾದ ಬೆಳಕು ಸುಲಭವಾಗಿ ಹೊರಗೆ ಬರುವುದಿಲ್ಲ, ಬರದಿದ್ದರೆ ನಮಗೆ ಕಾಣುವುದೂ ಇಲ್ಲ. ಕೆಲವು ಕಣಗಳು ಅದಕ್ಕೆ ಬಾಗಿಲು ತೆರೆದುಕೊಡುತ್ತವೆ. ಹಾಗಾಗಿ ಕಣಗಳ ಪ್ರಮಾಣವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಕಡಿಮೆ ಇದ್ದರೆ ಅಂಚಿನ ಗೆರೆಗಳು ಉಳಿದುಕೊಂಡು, ಹೆಚ್ಚು ಬೆಳಕು ಹೊರಗೆ ಬರಬಹುದು. ಹೆಚ್ಚಾಗುತ್ತ ಹೋದಂತೆ ಚೂಪು ಗೆರೆಗಳು ಮಸುಕಾಗುತ್ತವೆ. ಇನ್ನೂ ಹೆಚ್ಚಾದರೆ ಅಂಚಿನ ಆಟ ಮುಗಿದು, ಒಳಗಿನ ಅಲೆದಾಟವೇ ಲೇಸರನ್ನು ನಡೆಸುತ್ತದೆ. ಆಗ ಗೆರೆಗಳ ಸಾಲಿನ ಬದಲು ಒಂದೇ ನಯವಾದ, ಕಿರಿದಾದ ಉಬ್ಬು ಕಾಣುತ್ತದೆ. ಜಪಾನಿನ ತಾನಿಗುಚಿ ಮತ್ತು ಸಂಗಡಿಗರು 1996ರಲ್ಲೇ ನ್ಯಾನೊಕಣ ತುಂಬಿದ ಬಣ್ಣದ ದ್ರವಗೋಳಗಳ ಲೇಸರ್ ಬಗ್ಗೆ ಬರೆದಿದ್ದರು. ಬೆಂಗಳೂರಿನ 1997ರ ಪ್ರಯೋಗ ಹನಿಗೆ ಯಾಕೆ ಮುಖ್ಯ ಎಂಬುದೂ ಈಗ ಗೊತ್ತಾಗುತ್ತದೆ. ಹನಿಯ ಅಗಲ ಹಲವು ಸಲ ಸರಾಸರಿ ಮುಕ್ತ ದಾರಿಗಿಂತ ಚಿಕ್ಕದೇ ಇರುತ್ತದೆ. ಅಷ್ಟು ಚಿಕ್ಕ ಜಾಗದಲ್ಲೂ ಚದುರುವಿಕೆ ಲೇಸರಿಗೆ ನೆರವಾಗಬಲ್ಲದು ಎಂಬ ಧೈರ್ಯ ಆ ಫಲಿತಾಂಶದಿಂದ ಬರುತ್ತದೆ.

ಈ ಹಾದಿ ಬೆಂಗಳೂರಿನಲ್ಲೇ ನಿಲ್ಲಲಿಲ್ಲ. ರಾಮನ್ ಸಂಸ್ಥೆಯಲ್ಲಿ ಹೇಮಾ ರಾಮಚಂದ್ರನ್ ಜೊತೆ ಈ ಮಾಧ್ಯಮಗಳ ಮೇಲೆ ಕೆಲಸ ಮಾಡಿದ ಸುಶೀಲ್ ಮುಜುಂದಾರ್ ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಾಲುಗಟ್ಟಿದ ಬಣ್ಣದ ಹನಿಗಳಿಂದ ಲೇಸರ್ ಪಡೆಯುವ ಪ್ರಯೋಗಗಳನ್ನು ನಡೆಸಿದರು. ಒಂದೇ ಗಾತ್ರದ ಹನಿಗಳು ಒಂದರ ಬೆಳಕನ್ನು ಇನ್ನೊಂದು ಹಂಚಿಕೊಳ್ಳುತ್ತವೆ.

ಹನಿ ಮಾಡುವುದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ಹತ್ತಾರು ಮೈಕ್ರೊಮೀಟರಿನ ತೂತಿನಿಂದ ದ್ರವವನ್ನು ಎಳೆಯಂತೆ ಚಿಮ್ಮಿಸಿ, ತೂತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ನಡುಗಿಸಿದರೆ ಎಳೆ ಕಡಿದು ಒಂದೇ ಗಾತ್ರದ ಹನಿಗಳಾಗುತ್ತವೆ. ನೀರನ್ನು ಹತ್ತಿರ ಸೇರಿಸದ ಮೇಲ್ಮೈಯ ಮೇಲೆ ಗ್ಲಿಸರಿನ್ ಬೆರೆಸಿದ ನೀರಿನ ಹನಿಗಳನ್ನು ಕೂರಿಸುವುದು ಇನ್ನೊಂದು ದಾರಿ. ಕೆಸುವಿನ ಎಲೆಯ ಮೇಲೆ ನೀರು ಗೋಲಿಯಾಗಿ ಉರುಳುವುದಕ್ಕೂ ಇದೇ ಕಾರಣ. ಗ್ಲಿಸರಿನ್ ಇದ್ದರೆ ಹನಿ ಬೇಗ ಆರುವುದಿಲ್ಲ.

ಇದು ನಿಜವಾಗಿ ಲೇಸರೋ, ಬರೀ ಮಿನುಗೋ ಎಂದು ಹೇಗೆ ಗೊತ್ತು ಮಾಡುವುದು? ಈ ಅನುಮಾನ ವಿಜ್ಞಾನಿಗಳಿಗೂ ಇತ್ತು, 1990ರ ದಶಕದಲ್ಲಿ ಈ ಬಗ್ಗೆ ಜೋರು ಚರ್ಚೆಯೇ ನಡೆಯಿತು. ನೋಡಬೇಕಾದ ಗುರುತುಗಳಿವೆ. ಪಂಪ್ ಏರಿಸುತ್ತ ಹೋದಾಗ ಒಂದು ಹೊಸ್ತಿಲಿನ ಬಳಿ ಹೊರಬರುವ ಬೆಳಕು ದಿಢೀರನೆ ಏರಬೇಕು. ರೋಹಿತ ಕಿರಿದಾಗಬೇಕು. ಬೆಳಕಿನ ಮಿಡಿತ ಮೊದಲಿಗಿಂತ ಚುಟುಕಾಗಬೇಕು. ಸಮ ಅಂತರದ ಗೆರೆಗಳಿದ್ದರೆ ಅಂಚಿನ ಕೆಲಸ. ಅಂತರ ಹೊಂದದ ಚೂಪು ಮುಳ್ಳುಗಳಿದ್ದರೆ ಕಣಗಳ ನಡುವೆಯೇ ಬೆಳಕಿನ ಅಲೆಗಳು ಹೆಜ್ಜೆ ಕೂಡಿಸಿವೆ ಎಂದರ್ಥ. ಅಂಥ ಮುಳ್ಳುಗಳನ್ನು ಭೌತವಿಜ್ಞಾನಿ ಹುಯಿ ಚಾವ್ ಅವರ ತಂಡ 1999ರಲ್ಲಿ ಸತುವಿನ ಆಕ್ಸೈಡ್ ಪುಡಿಯಲ್ಲಿ ತೋರಿಸಿತು.

ಈ ಲೇಸರಿನಿಂದ ನೇರ ಗೆರೆಯಂಥ ಕಿರಣ ಬರುವುದಿಲ್ಲ. ಎಲ್ಲ ದಿಕ್ಕಿಗೂ ಬೆಳಕು ಹೋಗುತ್ತದೆ. ಹಾಗಾದರೆ ಏನು ಪ್ರಯೋಜನ ಎನ್ನಬೇಡಿ. ಮಾಮೂಲಿ ಲೇಸರಿನಿಂದ ಚಿತ್ರ ತೆಗೆದರೆ ಮೇಲೆಲ್ಲ ಚುಕ್ಕೆ ಚುಕ್ಕೆ ಬರುತ್ತದೆ. ರ‍್ಯಾಂಡಮ್ ಲೇಸರಿನ ಬೆಳಕಿನಲ್ಲಿ ಆ ಚುಕ್ಕೆಗಳಿಲ್ಲದ ಚಿತ್ರ ಸಿಗುತ್ತದೆ ಎಂದು 2012ರಲ್ಲಿ ಹುಯಿ ಚಾವ್ ತಂಡ ತೋರಿಸಿತು. ಅದಕ್ಕೂ ಮೊದಲು, 2004ರಲ್ಲಿ, ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪೋಲ್ಸನ್ ಮತ್ತು ವರ್ದೇನಿ ಬಣ್ಣ ಹೀರಿಸಿದ ಮನುಷ್ಯನ ಅಂಗಾಂಶದಿಂದಲೇ ಇಂಥ ಲೇಸರ್ ಬೆಳಕು ಪಡೆದರು. ಆರೋಗ್ಯವಾದ ಅಂಗಾಂಶದ ರೋಹಿತಕ್ಕೂ ಕ್ಯಾನ್ಸರ್ ಅಂಗಾಂಶದ ರೋಹಿತಕ್ಕೂ ವ್ಯತ್ಯಾಸವಿತ್ತು. ಇದು ಇನ್ನೂ ಆಸ್ಪತ್ರೆಯ ಪರೀಕ್ಷೆಯಾಗಿಲ್ಲ. ಆದರೂ ಈ ದಿಕ್ಕಿನಲ್ಲಿ ಹೆಚ್ಚು ಕೆಲಸವಾಗಬೇಕು ಎಂಬುದು ನನ್ನ ಆಸೆ.

ಖರ್ಚಿನ ಮಾತಿಗೆ ಬರೋಣ. ವಸ್ತುಗಳ ಖರ್ಚು ಬಹಳ ಕಡಿಮೆ. ಬಣ್ಣವನ್ನು ಲೀಟರಿಗೆ ಸುಮಾರು ಅರ್ಧ ಗ್ರಾಮಿನಂತೆ ಕರಗಿಸುತ್ತಾರೆ. ಒಂದು ಗ್ರಾಂ ರೋಡಮೈನ್ 6ಜಿ ಎರಡು ಲೀಟರಿಗೆ ಸಾಕು. ಒಂದು ಪ್ರಯೋಗಕ್ಕೆ ಬೇಕಾದದ್ದು ಕೆಲವು ಮಿಲಿಲೀಟರ್. ಟೈಟಾನಿಯಂ ಡೈಆಕ್ಸೈಡ್ ಇನ್ನೂ ಅಗ್ಗ. ಒಂದು ಘನ ಸೆಂಟಿಮೀಟರ್ ದ್ರವದಲ್ಲಿ ನೂರಾರು ಕೋಟಿ ಕಣಗಳಿದ್ದರೂ ತೂಕದಲ್ಲಿ ಅದು ಚಿಟಿಕೆಯಷ್ಟೂ ಅಲ್ಲ. ದುಬಾರಿಯಾಗುವುದು ಪಂಪ್. ನಿಯೊಡೈಮಿಯಂ-ಯಾಗ್ ಎಂಬ ಹರಳಿನ ಲೇಸರ್ ಬೇಕು, ಅದರ ಬೆಳಕನ್ನು 532 ನ್ಯಾನೊಮೀಟರಿನ ಹಸಿರಿಗೆ ತಿರುಗಿಸಿ ಮಿಡಿತ ಮಿಡಿತವಾಗಿ ಬಿಡಬೇಕು. ಅದಕ್ಕೆ ಹಲವು ಲಕ್ಷ ರೂಪಾಯಿ. ರೋಹಿತ ನೋಡುವ ಸ್ಪೆಕ್ಟ್ರೊಮೀಟರ್ ಉಪಕರಣಕ್ಕೂ ಲಕ್ಷದ ಲೆಕ್ಕವೇ.

ಜಾತ್ರೆಯಲ್ಲಿ ಮಾರುವ ಹಸಿರು ಲೇಸರ್ ಪೆನ್ನಿನಿಂದ ಆಗುವುದಿಲ್ಲವೇ? ಅದೂ ಸಾಮಾನ್ಯವಾಗಿ 532 ನ್ಯಾನೊಮೀಟರಿನದೇ, ಬಣ್ಣ ಸರಿಯಾಗಿಯೇ ಇದೆ. ಆದರೆ ಆಗುವುದಿಲ್ಲ. ಲೆಕ್ಕ ನೋಡಿ. ಒಂದು ಮಿಲಿಜೂಲ್ ಶಕ್ತಿಯನ್ನು 10 ನ್ಯಾನೊಸೆಕೆಂಡಿನಲ್ಲಿ ಬಿಟ್ಟರೆ ಆ ಕ್ಷಣದ ಸಾಮರ್ಥ್ಯ 100 ಕಿಲೋವಾಟ್. ಪೆನ್ನಿನದು 5 ಮಿಲಿವಾಟ್ ಎಂದು ಹಿಡಿಯಿರಿ. ಎರಡು ಕೋಟಿ ಪಟ್ಟು ವ್ಯತ್ಯಾಸ. ಅಣುಗಳು ಕೆಲವೇ ನ್ಯಾನೊಸೆಕೆಂಡು ಶಕ್ತಿ ಇಟ್ಟುಕೊಳ್ಳುವುದರಿಂದ ಅಷ್ಟರೊಳಗೆ ಸಾಕಷ್ಟು ಅಣುಗಳನ್ನು ತುಂಬಿಸಬೇಕು, ನಿಧಾನ ಮಾಡಿದರೆ ತುಂಬಿದ್ದೆಲ್ಲ ಸೋರಿಹೋಗುತ್ತದೆ. ಪೆನ್ನು ಬೆಳಗಿಸಿದರೆ ಹನಿ ಕಿತ್ತಳೆಯಾಗಿ ಮಿನುಗುತ್ತದೆ, ಅಷ್ಟೇ. ಇನ್ನೊಂದು ಮಾತು: ಅಗ್ಗದ ಹಸಿರು ಪೆನ್ನುಗಳಲ್ಲಿ ಹಲವಕ್ಕೆ ಬರೆದ ಅಳತೆಗಿಂತ ಹೆಚ್ಚಿನ ಸಾಮರ್ಥ್ಯವಿರುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿನ ಪರದೆ ಸುಟ್ಟರೆ ಮರಳಿ ಬರುವುದಿಲ್ಲ.

ಮನೆಯಲ್ಲಿ ಸುರಕ್ಷಿತವಾಗಿ ನೋಡಬಹುದಾದದ್ದು ಇದೆ. ಲೇಸರ್ ಅಲ್ಲ, ಅದರ ಎರಡು ಅರ್ಧಗಳು. ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಳ್ಳಿ. ಎರಡಕ್ಕೂ ಹಳದಿ ಹೈಲೈಟರ್ ಪೆನ್ನಿನ ಶಾಯಿ ಸ್ವಲ್ಪ ಬಿಡಿ. ಒಂದಕ್ಕೆ ಮಾತ್ರ ಕೆಲವು ತೊಟ್ಟು ಹಾಲು ಹಾಕಿ. ಕೋಣೆ ಕತ್ತಲೆ ಮಾಡಿ, ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಹಾಲಿಲ್ಲದ ಲೋಟದಲ್ಲಿ ಬೆಳಕು ಹೋದ ದಾರಿ ಹಸಿರು ಪಟ್ಟಿಯಾಗಿ ಕಾಣುತ್ತದೆ. ಹಾಲು ಬೆರೆತದ್ದರಲ್ಲಿ ಪಟ್ಟಿ ಅಳಿಸಿಹೋಗಿ, ಟಾರ್ಚಿನ ಬದಿಯಲ್ಲಿ ಹೊಳಪು ಗುಡ್ಡೆಗಟ್ಟಿ ನಿಲ್ಲುತ್ತದೆ. ಆ ಗುಡ್ಡೆಯೇ ಅಲೆದಾಟ. ಹಾಲನ್ನು ಒಂದೊಂದೇ ತೊಟ್ಟು ಹೆಚ್ಚಿಸುತ್ತ ಗುಡ್ಡೆ ಹೇಗೆ ಕಿರಿದಾಗುತ್ತದೆ ಎಂದು ಮಕ್ಕಳಿಗೆ ಅಳೆಯಲು ಹೇಳಿ, ಸರಾಸರಿ ಮುಕ್ತ ದಾರಿ ಎಂದರೇನು ಎಂಬುದು ಅವರಿಗೆ ಕಣ್ಣಿಗೇ ಕಾಣುತ್ತದೆ. ಟಾರ್ಚಿನ ಬೆಳಕನ್ನು ನೇರ ನೋಡಬಾರದು. ಆ ನೀರನ್ನು ಕುಡಿಯಬಾರದು. ರೋಡಮೈನ್ ಮತ್ತು ಮೆಥನಾಲ್ ಇಟ್ಟುಕೊಂಡು ಮನೆಯಲ್ಲಿ ಯಾವ ಪ್ರಯೋಗವನ್ನೂ ಮಾಡಬೇಡಿ. ಮೆಥನಾಲ್ ವಿಷ, ಕಣ್ಣು ಕಳೆಯುತ್ತದೆ.

ನಿಜವಾದ ಉಪಕರಣಗಳನ್ನು ನೋಡಬೇಕೆನ್ನುವ ವಿದ್ಯಾರ್ಥಿಗಳು ಮೊದಲು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗಲಿ. ಬೆಳಕಿನ ಮೂಲಪಾಠಗಳನ್ನು ಅಲ್ಲಿ ಕೈಯಾರೆ ಮಾಡಿ ನೋಡಬಹುದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವವರಿಗೆ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಎರಡೂ ಕಡೆ ಭೌತಶಾಸ್ತ್ರ ವಿಭಾಗಗಳಿವೆ. ಬೆಂಗಳೂರಿಗೆ ಹೋಗಬಲ್ಲವರು ಭಾರತೀಯ ವಿಜ್ಞಾನ ಸಂಸ್ಥೆಯ ವಾರ್ಷಿಕ ಮುಕ್ತ ದಿನವನ್ನು ನೋಡಿಕೊಂಡು ಹೋಗಲಿ. ಆ ದಿನ ಪ್ರಯೋಗಾಲಯಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಪ್ರವೇಶಕ್ಕೆ ಹಣವಿಲ್ಲ.

ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಿಗೂ ಕಾಲೇಜು ಅಧ್ಯಾಪಕರಿಗೂ ಇನ್ನೊಂದು ಒಳ್ಳೆಯ ದಾರಿಯಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದರೆ ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಸುಮಾರು ಎರಡು ತಿಂಗಳು ಕೆಲಸ, ತಿಂಗಳ ಭತ್ಯೆ ಮತ್ತು ಪ್ರಯಾಣದ ವೆಚ್ಚ ಸಿಗುತ್ತದೆ. ಪ್ರಕಟಣೆ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತದೆ. ಅರ್ಜಿಯಲ್ಲಿ ನೀವು ಏನು ಕಲಿಯಬಯಸುತ್ತೀರಿ ಎಂದು ಬರೆಯಬೇಕು, ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಆ ಪತ್ರಕ್ಕಾಗಿ ನಿಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಅಕ್ಟೋಬರ್ ಹೊತ್ತಿಗೇ ಕೇಳಿಟ್ಟುಕೊಳ್ಳಿ, ಕೊನೆಯ ವಾರಕ್ಕೆ ಬಿಡಬೇಡಿ.